ನಂಬದೇ ಇದ್ದವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ಹಳೆಯ ಸರ್ವರ್ ಆಫ್ ಮಾಡಿದೆವು. ಹಾಸನದ ಒಂದು ಸ್ಕ್ಯಾನಿಂಗ್ ಸೆಂಟರ್ ಮತ್ತು ಅದರ ತಾಲ್ಲೂಕು ಬ್ರಾಂಚ್‌ಗಳ ಸಿಟಿ, ಎಂಆರ್‌ಐ, ಎಕ್ಸ್‌ರೇ ಎಲ್ಲ ಈಗ ನಮ್ಮ ಪುಟ್ಟ ಟೀಮ್ ಕಟ್ಟಿದ ಸ್ಟೋರೇಜ್ ಮೇಲೆಯೇ ಓಡುತ್ತಿವೆ. ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ. ಅದರ ಮಹಡಿ ರೂಮೇ ಲ್ಯಾಬು. ಕೋವಿಡ್ ಟೈಮಲ್ಲಿ ಬೆಂಗಳೂರಿಂದ ಬಂದವನು ಇಲ್ಲೇ ಉಳಿದುಬಿಟ್ಟೆ. ಟೀಮಿನ ಉಳಿದವರು ಬೆಂಗಳೂರಲ್ಲೇ ಇದ್ದಾರೆ. ಡಿಸ್ಕ್‌ಗಳನ್ನು ಟವೆಲ್‌ನಲ್ಲಿ ಸುತ್ತಿ, ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕುಣಿಗಲ್ ಮೇಲಿನ ರೈಲಿನಲ್ಲಿ ಓಡಾಡಿದ್ದೇನೆ. 2017ರಲ್ಲಿ ಆ ಲೈನ್ ಶುರುವಾಗದೇ ಇದ್ದಿದ್ದರೆ ನನ್ನ ಸೊಂಟ ಉಳಿಯುತ್ತಿರಲಿಲ್ಲ.

ಶುಭಾಶಯ ಹೇಳಿದವರಿಗೆಲ್ಲ ಥ್ಯಾಂಕ್ಸ್. ಆದರೆ ಇದನ್ನು ಬರೆಯೋಕೆ ಕೂತಿದ್ದು ಬೇರೆ ಕೆಲವರಿಗಾಗಿ. "ಆಗುತ್ತೆ ಬಿಡು" ಅನ್ನದೆ, ಕೊನೆಯವರೆಗೂ ಅನುಮಾನ ಪಟ್ಟವರು ಅವರು. ಹೆಸರು ಹಾಕಬೇಡ ಅಂತ ಎಲ್ಲರೂ ಹೇಳಿದ್ದಾರೆ. ಹಾಕಲ್ಲ ಅಂದರೆ ಅದನ್ನೂ ನಂಬಿಲ್ಲ ಪುಣ್ಯಾತ್ಮರು.

ನಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಒಂದು ಸಿಟಿ ಚಿತ್ರ ಅಂದ್ರೆ ಸಾಮಾನ್ಯವಾಗಿ 512 ಅಡ್ಡ, 512 ಉದ್ದ ಚುಕ್ಕಿಗಳು. ಚುಕ್ಕಿಗೆ 2 ಬೈಟ್. ಲೆಕ್ಕ ಹಾಕಿದರೆ ಅರ್ಧ ಎಂಬಿ. ದೊಡ್ಡದೇನಲ್ಲ. ಆದರೆ ಒಬ್ಬ ರೋಗಿಯ ಒಂದು ಸ್ಕ್ಯಾನ್‌ಗೆ ಇಂಥವು ನೂರಾರು ಇರುತ್ತವೆ. ಹೀಗೆ ವರ್ಷಗಟ್ಟಲೆ ಸೇರಿದರೆ ಕೋಟಿಗಟ್ಟಲೆ ಸಣ್ಣ ಫೈಲು. ಒಂದೊಂದು ಫೈಲು ಎಲ್ಲಿದೆ ಅಂತ ಹುಡುಕೋಕೇ ಡಿಸ್ಕ್ ಸುಸ್ತಾಗುತ್ತದೆ. ಫೇಸ್‌ಬುಕ್‌ನ ಎಂಜಿನಿಯರ್‌ಗಳಿಗೂ ಫೋಟೋಗಳ ವಿಷಯದಲ್ಲಿ ಇದೇ ತಲೆನೋವು ಬಂದಿತ್ತು. ಹೇಸ್ಟ್ಯಾಕ್ ಅನ್ನೋ ಹೆಸರಲ್ಲಿ ಅವರು ಮಾಡಿದ ಪರಿಹಾರವನ್ನು 2010ರಲ್ಲಿ ಪೇಪರ್ ಆಗಿ ಪ್ರಕಟಿಸಿದರು. ಸಾವಿರಾರು ಚಿತ್ರಗಳನ್ನು ಒಂದೇ ದೊಡ್ಡ ಫೈಲಿಗೆ ಒಂದರ ಹಿಂದೆ ಒಂದು ಸೇರಿಸುತ್ತಾ ಹೋಗೋದು, ಯಾವುದು ಎಲ್ಲಿದೆ ಅನ್ನೋ ಪಟ್ಟಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳೋದು. ನಾವೂ ಅದೇ ದಾರಿ ಹಿಡಿದೆವು. ಸ್ಟೋರೇಜ್ ವಿಷಯದಲ್ಲಿ ಹೊಸ ಐಡಿಯಾಗಿಂತ ನಾಲ್ಕು ಜನ ಬಳಸಿ ನೋಡಿದ ಹಳೆ ಐಡಿಯಾನೇ ವಾಸಿ ಅನ್ನೋದು ನನ್ನ ಲೆಕ್ಕ. ಇದಕ್ಕೆ ಟೀಮಲ್ಲೇ ಇಬ್ಬರು ಒಪ್ಪಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ಟೀಮಿನ ಹಿರಿಯಕ್ಕನಿಗೆ. ಯಾವ ಕೋಡ್ ಕಳಿಸಿದರೂ ಅವರದ್ದು ಒಂದೇ ಪ್ರಶ್ನೆ: "ಬರೆದಾಯ್ತು ಅಂತ ಯಾರಪ್ಪ ಹೇಳಿದ್ದು?" ನಮ್ಮ ಪ್ರೋಗ್ರಾಂ ಡೇಟಾ ಬರೆದ ತಕ್ಷಣ ಅದು ಡಿಸ್ಕ್‌ಗೆ ಹೋಗಲ್ಲ. ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಅದನ್ನು ಮೆಮೊರಿಯಲ್ಲಿ ಇಟ್ಟುಕೊಂಡು "ಸರಿ" ಅನ್ನುತ್ತದೆ. ಆಮೇಲೆ ಬಿಡುವಾದಾಗ ಡಿಸ್ಕ್‌ಗೆ ಕಳಿಸುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗೀತು. ಈಗಲೇ ಕಳಿಸು ಅನ್ನೋಕೆ ಎಫ್‌ಸಿಂಕ್ ಅಂತ ಒಂದು ಆಜ್ಞೆ ಇದೆ. ಹೊಸ ಫೈಲಾದರೆ ಅದು ಇರುವ ಡೈರೆಕ್ಟರಿಗೂ, ಅಂದ್ರೆ ಫೋಲ್ಡರ್‌ಗೂ, ಬೇರೆಯಾಗಿ ಎಫ್‌ಸಿಂಕ್ ಮಾಡಬೇಕು. ಇಲ್ಲದಿದ್ದರೆ ಡೇಟಾ ಡಿಸ್ಕ್‌ನಲ್ಲಿದ್ದೂ ಫೈಲಿನ ಹೆಸರೇ ಕಾಣೆಯಾಗಬಹುದು. ಇನ್ನೊಂದು ಕಥೆಯನ್ನೂ ಅಕ್ಕನೇ ಹೇಳಿದ್ದು. ಎಫ್‌ಸಿಂಕ್ ಒಮ್ಮೆ ಫೇಲ್ ಆಗಿ, ಮತ್ತೆ ಕರೆದರೆ "ಸರಿ" ಅಂತ ಬರಬಹುದು, ಆದರೆ ಡೇಟಾ ಹೋಗಿರುತ್ತದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರು ಇದನ್ನು ಕಂಡು ತಲೆ ಮೇಲೆ ಕೈ ಹೊತ್ತಿದ್ದರು. ಹಾಗಾಗಿ ನಮ್ಮ ಸಿಸ್ಟಂನಲ್ಲಿ ಎಫ್‌ಸಿಂಕ್ ಒಮ್ಮೆ ಕೈಕೊಟ್ಟರೆ ಇನ್ನೊಮ್ಮೆ ಕೇಳೋದಿಲ್ಲ. ಆ ಪ್ರೋಗ್ರಾಂ ಅಲ್ಲೇ ನಿಂತು, ಏನೇನು ಬರೆದೆ ಅನ್ನೋ ದಾಖಲೆ, ಅಂದ್ರೆ ಲಾಗ್, ಓದಿಕೊಂಡು ಮತ್ತೆ ಶುರುವಾಗುತ್ತದೆ.

ಇದನ್ನೆಲ್ಲ ಪರೀಕ್ಷೆ ಮಾಡೋದು ಹೇಗೆ? ಮಳೆಗಾಲದಲ್ಲಿ ಕರೆಂಟ್ ಹೋಗೋ ಊರಲ್ಲಿ ಕೂತಿದ್ದೀಯ, ನಿನಗೆ ಬೇರೆ ಟೆಸ್ಟ್ ಬೇಕಾ ಅಂತ ಗೆಳೆಯರು ಗೇಲಿ ಮಾಡಿದರು. ತಮಾಷೆಗೆ ಸರಿ. ಆದರೆ ನಮಗೆ ಕರೆಂಟ್ ಹೋಗಬೇಕಿದ್ದದ್ದು ಸಾವಿರಾರು ಸಲ, ಅದೂ ಡೇಟಾ ಬರೆಯುತ್ತಿರುವಾಗಲೇ. ಅದಕ್ಕೆ ಪಂಪ್‌ಸೆಟ್ ಸ್ಟಾರ್ಟರ್ ರಿಪೇರಿ ಮಾಡುವ ಅಣ್ಣನ ಹತ್ತಿರ ಹೋದೆ. ಅರ್ಧ ಗಂಟೆ ನನ್ನ ಮಾತು ಕೇಳಿ, "ಸಾರ್, ಜನ ಮೋಟರ್ ನಿಲ್ಲಬಾರದು ಅಂತ ಬರ್ತಾರೆ. ನೀವು ನಿಲ್ಲಿಸೋಕೆ ಬಂದಿದ್ದೀರಲ್ಲ" ಅಂದರು. ಯುಪಿಎಸ್ ಇದೆ ಅಂದಿದ್ದಕ್ಕೆ, "ಅದನ್ನ ಮಾತ್ರ ನಂಬಬೇಡಿ, ಬ್ಯಾಟರಿ ಯಾವತ್ತು ಕೈಕೊಡುತ್ತೋ ಹೇಳೋಕಾಗಲ್ಲ" ಅಂತ ಬೇರೆ ಹೇಳಿದರು.

ಮಾರನೇ ವಾರ ಒಂದು ತಗಡಿನ ಡಬ್ಬ ಕೊಟ್ಟರು. ಮುಚ್ಚಳದ ಮೇಲೆ ಯಾವುದೋ ಪಂಪಿನ ಸ್ಟಿಕ್ಕರ್ ಇನ್ನೂ ಅರ್ಧ ಇತ್ತು. ಒಳಗೆ ಕರೆಂಟ್ ಕಟ್ ಮಾಡಿ ಮತ್ತೆ ಕೊಡುವ ಒಂದು ಕಾಂಟ್ಯಾಕ್ಟರ್, ಅದನ್ನು ನಡೆಸುವ ಒಂದು ರಿಲೇ, ಕೆಂಪು ದೀಪ. ಎಷ್ಟು ಹೊತ್ತಿಗೆ ಕಟ್ ಮಾಡಬೇಕು ಅನ್ನೋದನ್ನು ಹಿಂದೆ ಮುಂದೆ ಮಾಡೋಕೆ ಆರ್ಡುಯಿನೊ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್. ಅದನ್ನು ಸೇರಿಸಿದ್ದು ಪ್ರಾಜೆಕ್ಟ್‌ಗೆ ಅಂತ ನಮ್ಮ ಜೊತೆ ಸೇರಿದ್ದ ಕಾಲೇಜು ಹುಡುಗ. ರಾತ್ರಿಯಿಡೀ ಮಹಡಿ ಮೇಲೆ ಟಕ್, ಟಕ್ ಅನ್ನೋ ಸದ್ದು. ಕೆಳಗೆ ಮಲಗಿದ್ದ ಅಮ್ಮನಿಗೆ ನಿದ್ದೆ ಇಲ್ಲ. ಇನ್ನೊಂದು ಕಂಪ್ಯೂಟರ್‌ಗೆ ಬೇರೆ ಲೈನಿಂದ ಕರೆಂಟ್ ಕೊಟ್ಟಿದ್ದೆವು. ಸಿಸ್ಟಂ ಯಾವ ಯಾವ ಚಿತ್ರಕ್ಕೆ "ಉಳಿಸಿದೆ" ಅಂತ ಮಾತು ಕೊಟ್ಟಿದೆ ಅನ್ನೋ ಪಟ್ಟಿ ಅದರಲ್ಲಿ. ಮತ್ತೆ ಆನ್ ಆದ ಮೇಲೆ ಒಂದೊಂದನ್ನೂ ಓದಿ ನೋಡೋದು.

ಅಲ್ಲೇ ಸಿಕ್ಕಿಬಿದ್ದದ್ದು ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್, ಅಂದ್ರೆ ಒಂದು ಎಸ್‌ಎಸ್‌ಡಿ. ಎಫ್‌ಸಿಂಕ್ ಕೇಳಿದರೆ "ಆಯ್ತು" ಅನ್ನುತ್ತಿತ್ತು, ಡೇಟಾ ಇನ್ನೂ ಅದರ ಸ್ವಂತ ತಾತ್ಕಾಲಿಕ ಮೆಮೊರಿಯಲ್ಲೇ ಇರುತ್ತಿತ್ತು. ಕಂಪನಿ ಹೆಸರು ಬೇಡ ಬಿಡಿ. ಸರ್ವರ್‌ಗೆ ಅಂತಲೇ ಮಾಡುವ ಒಳ್ಳೆಯ ಎಸ್‌ಎಸ್‌ಡಿಗಳಲ್ಲಿ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಕರೆಂಟ್ ಹೋದರೂ ಕೈಯಲ್ಲಿರುವುದನ್ನು ಬರೆದು ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ರೇಟು ಜಾಸ್ತಿ. ಆದರೂ ಅವನ್ನೇ ತಂದೆವು. ತಗಡಿನ ಡಬ್ಬ ಇಲ್ಲದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಸ್ಕ್ಯಾನ್ ಕಳೆದುಹೋದ ದಿನವೇ.

ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರಿಗೆ ದೊಡ್ಡ ನಮಸ್ಕಾರ. ಉತ್ತರ ಸರಿ ಇದ್ದರೂ "ತಾಳೆ ನೋಡಿದ್ಯಾ?" ಅಂತ ಕೇಳದೆ ಬಿಟ್ಟವರಲ್ಲ. ಮ್ಯಾಟ್ರಿಕ್ಸ್ ಯಾತಕ್ಕೆ ಬರುತ್ತೆ ಅಂತ ಆಗ ಗೊಣಗಿದ್ದೆವು. ಈಗ ಒಂದೊಂದು ಸ್ಕ್ಯಾನ್ ಅದರ ಮೇಲೆಯೇ ನಿಂತಿದೆ. ಎರಡು ಡಿಸ್ಕ್ ಒಟ್ಟಿಗೆ ಕೆಟ್ಟರೂ ಡೇಟಾ ಉಳಿಯಬೇಕು ಅಂದ್ರೆ ಮೂರು ಪ್ರತಿ ಇಡಬಹುದು. ಆದರೆ ಮೂರು ಪಟ್ಟು ಜಾಗ ಬೇಕು. ಅದರ ಬದಲು ಡೇಟಾವನ್ನು ನಾಲ್ಕು ತುಂಡು ಮಾಡಿ, ಅವುಗಳಿಂದ ಲೆಕ್ಕ ಹಾಕಿ ಇನ್ನೆರಡು ತುಂಡು ಮಾಡಿ, ಆರು ಡಿಸ್ಕ್‌ಗೆ ಹಂಚುತ್ತೇವೆ. ಯಾವುದೇ ನಾಲ್ಕು ಸಿಕ್ಕರೂ ಸಮೀಕರಣ ಬಿಡಿಸಿ ಉಳಿದೆರಡನ್ನು ವಾಪಸ್ ಪಡೆಯಬಹುದು. ಜಾಗ ಒಂದೂವರೆ ಪಟ್ಟು ಸಾಕು. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಈ ಲೆಕ್ಕದ ಪೇಪರ್ ಬರೆದದ್ದು 1960ರಲ್ಲಿ. ನಮ್ಮ ಕಾಲೇಜು ಶುರುವಾದದ್ದೂ ಅದೇ ವರ್ಷ. ಬೇಕರಿ ಗಲ್ಲಾದ ಮೇಲೆ ಟೀ ಚೆಲ್ಲಿ ಮೂಲೆ ಕಿತ್ತುಹೋದ ಕ್ಯೂಆರ್ ಕೋಡ್‌ಗೂ ಫೋನ್ ತೋರಿಸಿದರೆ ದುಡ್ಡು ಹೋಗುತ್ತಲ್ಲ, ಅದರೊಳಗೂ ಇದೇ ಗಣಿತ ಇರೋದು.

ಈಗ ಸ್ಕ್ಯಾನಿಂಗ್ ಸೆಂಟರ್‌ನ ಟೆಕ್ನಿಷಿಯನ್ ಮೇಡಂ. ನಮ್ಮ ಡೆಮೊ ನೋಡಿ ಎಲ್ಲರೂ ತಲೆಯಾಡಿಸಿದರು. ಇವರು ಮಾತ್ರ ಕೈಕಟ್ಟಿ ನಿಂತು, "ಸರ್, ಇವತ್ತು ಹಾಕಿದ್ದು ಇವತ್ತು ಸಿಗೋದ್ರಲ್ಲಿ ಏನಿದೆ? ಹೋದ ವರ್ಷದ್ದು ತೋರಿಸಿ" ಅಂದರು. ಹಳೆಯದನ್ನೆಲ್ಲ ತಂದು ಹಾಕಿದ ಮೇಲೆ ಮೌಸ್ ಚಕ್ರ ತಿರುಗಿಸುತ್ತಾ ಒಂದು ಹೊಟ್ಟೆ ಸ್ಕ್ಯಾನಿನ ಚಿತ್ರಗಳನ್ನು ಮೇಲಿಂದ ಕೆಳಗೆ ಪೂರ್ತಿ ನೋಡಿದರು. ಲಿವರ್ ಬಂತು, ಕಿಡ್ನಿ ಬಂತು. ಒಂದು ಚಿತ್ರ ತಪ್ಪಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಆ ಒಂದು ಮಾತಿನಿಂದಲೇ, ಯಾರೂ ಕೇಳದೆ ಬಿದ್ದಿರುವ ಹಳೆಯ ಡೇಟಾವನ್ನೂ ಹಿನ್ನೆಲೆಯಲ್ಲಿ ನಿಧಾನವಾಗಿ ಓದಿ, ಬರೆಯುವಾಗ ಡೇಟಾದಿಂದ ಲೆಕ್ಕ ಹಾಕಿ ಇಟ್ಟ ಗುರುತಿನ ಸಂಖ್ಯೆ, ಅಂದ್ರೆ ಚೆಕ್‌ಸಮ್ ಜೊತೆ ತಾಳೆ ನೋಡುವ ಕೆಲಸವನ್ನು ಲಾಂಚ್‌ಗೆ ಮೊದಲೇ ಮುಗಿಸಿದೆವು. ಆಮೇಲೆ ಮಾಡೋಣ ಅಂತ ಪಟ್ಟಿಯ ಕೊನೆಯಲ್ಲಿ ಇದ್ದದ್ದು ಅದು. ಹಳೆಯ ಸರ್ವರ್ ಮತ್ತು ಹೊಸದು ಎರಡಕ್ಕೂ ಒಟ್ಟಿಗೆ ಬರೆಯುತ್ತಾ ಕೆಲವು ತಿಂಗಳು ನಡೆಸಿದ್ದೂ ಅವರ ಹಟದಿಂದಲೇ. ಅವರು ಇವತ್ತಿಗೂ ಮುಖ್ಯವಾದ ಕೇಸುಗಳನ್ನು ಡಿವಿಡಿಗೆ ಬರೆದು ಬೀರುವಿನಲ್ಲಿ ಇಡುತ್ತಾರೆ. ಇಡಲಿ. ನಾನಾಗಿದ್ದರೂ ಇಡುತ್ತಿದ್ದೆ.

ಹೊಸ ಸಿಸ್ಟಂ ಪೂರ್ತಿ ಜವಾಬ್ದಾರಿ ತೆಗೆದುಕೊಂಡದ್ದು ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ. ವರ್ಷಕ್ಕೊಮ್ಮೆ ತಾಯಿ ದರ್ಶನ ಅಂದ ಮೇಲೆ ಹಾಸನದವರ ಮನೆಯಲ್ಲಿ ನೆಂಟರು ಎಷ್ಟಿರುತ್ತಾರೆ ಅಂತ ಹೇಳಬೇಕಾಗಿಲ್ಲ. ಎಲ್ಲರಿಗೂ ಬಡಿಸುತ್ತಿರುವಾಗ ಫೋನ್ ಕಿರುಚಿತು. ಒಂದು ಡಿಸ್ಕ್ ಹೋಗಿತ್ತು. 16 ಟಿಬಿ ಡಿಸ್ಕ್. ಅದರ ಬದಲಿಗೆ ಇನ್ನೊಂದನ್ನು ಸೆಕೆಂಡಿಗೆ 200 ಎಂಬಿಯಂತೆ ತುಂಬಿದರೂ ಹೆಚ್ಚುಕಮ್ಮಿ 22 ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಹೋದರೂ ತಡೆದುಕೊಳ್ಳಲಿ ಅಂತಲೇ ಎರಡು ಹೆಚ್ಚಿನ ತುಂಡು ಇಟ್ಟಿರೋದು. ಸಿಸ್ಟಂ ತಾನಾಗಿಯೇ ಕೆಲಸ ಶುರು ಮಾಡಿತು. ಸೆಂಟರ್‌ನಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಸಾರಿನ ಸೌಟು ಹಿಡಿದುಕೊಂಡೇ ನಗುತ್ತಿದ್ದೆ. "ಡಿಸ್ಕ್ ಕೆಟ್ಟೋಯ್ತು ಅಂತ ಖುಷಿ ಪಡೋ ಅದೆಂಥ ಕೆಲಸಾನೋ ನಿಂದು" ಅಂದರು ಚಿಕ್ಕಮ್ಮ. ಅವತ್ತು ಬಡಿಸೋ ಕೆಲಸ ಕಸಿದುಕೊಂಡು ನನ್ನನ್ನು ಮಹಡಿಗೆ ಕಳಿಸಿದ ಅವರಿಗೂ ಥ್ಯಾಂಕ್ಸ್.

ಅಮ್ಮನಿಗೆ, ಟೀಮಿನ ಎಲ್ಲರಿಗೂ, ರಾತ್ರಿ ಹೊತ್ತು ಫೋನ್ ಎತ್ತಿದವರಿಗೆ, ಪ್ರಾಜೆಕ್ಟ್ ಮುಗಿದು ಕೆಲಸ ಸಿಕ್ಕ ಆ ಹುಡುಗನಿಗೆ ಕೂಡ. ಇನ್ನು ಸ್ಟಾರ್ಟರ್ ಅಣ್ಣ ಡಬ್ಬದ ಬಿಲ್ ಇನ್ನೂ ಕೊಟ್ಟಿಲ್ಲ. ಕೇಳಿದಾಗಲೆಲ್ಲ "ಮೊದಲು ಸರಿಯಾಗಿ ಓಡ್ಲಿ ಸಾರ್, ಆಮೇಲೆ ನೋಡೋಣ" ಅನ್ನುತ್ತಾರೆ. ಅವರ ಅಂಗಡಿ ಗೊತ್ತಿರುವವರು ಯಾರಾದರೂ ಆ ಕಡೆ ಹೋದರೆ, ಓಡ್ತಾ ಇದೆ, ಬಿಲ್ ಬರೀರಿ ಅಂತ ಸ್ವಲ್ಪ ಹೇಳಿ.