ಡೆಲೋಸ್‌ನಲ್ಲಿ ಛತ್ರಿ ಹಿಡಿದ ಅಜ್ಜಿಗೆ

ಗ್ರೀಸ್‌ನ ಮೈಕೊನೋಸ್ ದ್ವೀಪದಿಂದ ಡೆಲೋಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆ ಅಷ್ಟೇ. ಆದರೆ ಇಳಿದ ಮೇಲೆ ನೆರಳು ಅನ್ನೋದೇ ಸಿಗಲ್ಲ. ಬರೀ ಕಲ್ಲು, ಬಿಸಿಲು, ಗಾಳಿ. ಕಲ್ಲಿನ ಸಿಂಹಗಳ ಸಾಲಿನ ಹತ್ತಿರ ಅಮ್ಮನಿಗೆ ತಲೆಸುತ್ತು ಬಂತು. ಅಜ್ಜೀ, ನೀವು ಏನೂ ಕೇಳದೆ ಬಂದು ಛತ್ರಿ ಬಿಚ್ಚಿದಿರಿ. ಗಾಳಿಗೆ ಅದು ಉಲ್ಟಾ ಆದರೂ ಬಿಡಲಿಲ್ಲ! ಕಿತ್ತಳೆ ಸುಲಿದು ಒಂದೊಂದೇ ತೊಳೆ ಅಮ್ಮನ ಕೈಗಿಟ್ಟಿರಿ. ಅಮ್ಮ ಸುಧಾರಿಸಿಕೊಳ್ಳುವ ತನಕ ಹರಕುಮುರಕು ಇಂಗ್ಲಿಷ್‌ನಲ್ಲಿ ಕಥೆ ಬೇರೆ. ನಕ್ಸೋಸ್ ದ್ವೀಪದವರು ಸುಮಾರು 2,600 ವರ್ಷಗಳ ಹಿಂದೆ ಅಪೋಲೋ ದೇವರಿಗೆ ಒಪ್ಪಿಸಿದ ಅಮೃತಶಿಲೆಯ ಸಿಂಹಗಳಂತೆ, ಹೊರಗಿರೋದು ನಕಲಂತೆ. ಗೈಡ್‌ಗಿಂತ ಚೆನ್ನಾಗಿ ಹೇಳಿದಿರಿ, ಸುಮ್ನೆ ಹೊಗಳ್ತಿಲ್ಲ. ಹೆಸರು ಕೇಳುವಷ್ಟರಲ್ಲಿ ನಿಮ್ಮ ಗುಂಪಿನವರು ಕರೆದರು. ತುಂಬಾ ಥ್ಯಾಂಕ್ಸ್ ಅಜ್ಜಿ. ಅಮ್ಮ ಮಾರನೇ ದಿನ ನಕ್ಸೋಸ್‌ಗೂ ಬಂದರು, ಛತ್ರಿ ಕೊಂಡುಕೊಂಡೇ.