ಡಬಲ್ ಡೈ ಫೋಟೊ ಹಾಕುವ ಮೊದಲು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಮ್ಮ ನಾಣ್ಯ ಸಂಗ್ರಾಹಕರ ಗುಂಪಿನಲ್ಲಿ ಈಗ 'ಇದು ಡಬಲ್ ಡೈ ಹೌದಾ?', ಅಂದರೆ ಅಚ್ಚಿನ ದೋಷದಿಂದ ಅಕ್ಷರ ಜೋಡಿಯಾಗಿ ಮೂಡಿದ ನಾಣ್ಯವಾ, ಎಂಬ ಫೋಟೊಗಳೇ ಹೆಚ್ಚು. ಬಹುಪಾಲು ಅಲ್ಲ. ಹಾಗಾಗಿ ಈ ಸೂಚನೆ.

ಡಬಲ್ ಡೈ ದೋಷ ನಾಣ್ಯ ಒತ್ತುವಾಗ ಹುಟ್ಟುವುದಿಲ್ಲ, ಅಚ್ಚು (ನಾಣ್ಯ ಒತ್ತುವ ಮುದ್ರೆ, ಅಂದರೆ ಡೈ) ತಯಾರಾಗುವಾಗಲೇ ಹುಟ್ಟುತ್ತದೆ. ಹಿಂದೆಲ್ಲ ಅಚ್ಚಿನ ಮೇಲೆ ಚಿತ್ರ ಮೂಡಿಸಲು ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಕೊಂಚ ತಿರುಗಿ ಕೂತರೆ ಅಕ್ಷರ ಜೋಡಿಯಾಗಿ ಮೂಡುತ್ತದೆ. ಆಮೇಲೆ ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ ಅದೇ ಗುರುತು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಹಿಡಿದು ಅಕ್ಷರದ ಅಂಚು ನೋಡಿ. ಎರಡನೇ ಗೆರೆಯೂ ಉಬ್ಬಾಗಿ, ದುಂಡಗಿದ್ದು, ಅಕ್ಷರ ದಪ್ಪವಾಗಿ ತುದಿ ಸೀಳಿದಂತಿದ್ದರೆ ಆಸೆ ಇಟ್ಟುಕೊಳ್ಳಬಹುದು. ಮೆಟ್ಟಿಲಿನಂತೆ ಚಪ್ಪಟೆಯಾಗಿದ್ದು ಮೂಲ ಅಕ್ಷರವೇ ಸಣಕಲಾಗಿದ್ದರೆ ಅದು ಒತ್ತುವ ಯಂತ್ರ ಅಲುಗಿದ್ದರಿಂದ ಆದದ್ದು. ಸಂಗ್ರಾಹಕರಲ್ಲಿ ಅದಕ್ಕೆ ಹೆಚ್ಚು ಬೆಲೆಯಿಲ್ಲ. ನಮ್ಮ ರೂಪಾಯಿ ನಾಣ್ಯಗಳನ್ನು ನೋಡುವಾಗಲೂ ಇದೇ ಪರೀಕ್ಷೆ.

ಕಣ್ಣು ಪಳಗಿಸಲು ಅಮೆರಿಕದ 1955ರ ಲಿಂಕನ್ ಸೆಂಟ್‌ಗಿಂತ ಒಳ್ಳೆಯ ಪಾಠವಿಲ್ಲ. ಫಿಲಡೆಲ್ಫಿಯಾ ಟಂಕಸಾಲೆಯ ಈ ನಾಣ್ಯದಲ್ಲಿ ಇಸವಿ, 'ಲಿಬರ್ಟಿ' ಎಲ್ಲ ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. ಅದೇ ವರ್ಷದ ಇನ್ನೊಂದು ಸೆಂಟ್‌ನಲ್ಲಿ ಕೊನೆಯ 5 ಮಾತ್ರ ಜೋಡಿಯಂತೆ ಕಾಣುತ್ತದೆ. ಅದು ಅಚ್ಚು ಸವೆದದ್ದು, ಮೋಸಹೋಗಬೇಡಿ. ಅಸಲಿಯ ನಕಲುಗಳೂ ಸಾಕಷ್ಟಿವೆ. ದೊಡ್ಡ ಹಣ ಕೊಡುವ ಮುನ್ನ ದೃಢೀಕರಣ ಕೇಳಿ.

ಫೋಟೊ ಹಾಕುವಾಗ ನಾಣ್ಯದ ಎರಡೂ ಮುಖ, ಜೊತೆಗೆ ಅನುಮಾನದ ಜಾಗ ಹತ್ತಿರದಿಂದ, ಬೇರೆ ಬೇರೆ ಬೆಳಕಿನಲ್ಲಿ. ಹುಣಸೆಹಣ್ಣು, ನಿಂಬೆರಸ ಹಾಕಿ ಉಜ್ಜಬೇಡಿ, ದಯವಿಟ್ಟು. ತೊಳೆದ ನಾಣ್ಯದ ಬೆಲೆ ಮತ್ತೆ ಬರುವುದಿಲ್ಲ.