ಡಿಮೆನ್ಷಿಯಾ ಪತ್ತೆ: ಅರ್ಧ ಕೆಲಸ ಹಳ್ಳಿಯಲ್ಲೇ ಆಗಲಿ

ಮಾನ್ಯರೇ,

ಹಳ್ಳಿಗಳಲ್ಲಿ ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತ ಹೋಗುವ ಮಿದುಳಿನ ಕಾಯಿಲೆ) ತಡವಾಗಿ ಪತ್ತೆಯಾಗುತ್ತದೆ ಎಂಬ ಮಾತು ಬಂದಾಗಲೆಲ್ಲ, ನರರೋಗ ತಜ್ಞರಿಲ್ಲ, ಎಂಆರ್‌ಐ ಇಲ್ಲ ಎಂಬಲ್ಲಿಗೆ ಚರ್ಚೆ ಮುಗಿದುಹೋಗುತ್ತದೆ. ಇಲ್ಲದಿರುವುದು ನಿಜ. ಆದರೆ ಪತ್ತೆಯ ಮೊದಲರ್ಧಕ್ಕೆ ಇವೆರಡೂ ಬೇಕಿಲ್ಲ. ‘ವಯಸ್ಸಾಯಿತು, ಅರಳುಮರಳು’ ಎಂದು ಮನೆಯವರು ಸುಮ್ಮನಾಗುತ್ತಾರೆ ಎಂದು ದೂರುವ ಮೊದಲು, ಅವರನ್ನು ಯಾರಾದರೂ ಸರಿಯಾಗಿ ವಿಚಾರಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ವಿಚಾರಿಸಲು ‘ಎಡಿ-8’ ಎಂಬ ಪ್ರಶ್ನಾವಳಿ ಇದೆ. ಎಂಟೇ ಪ್ರಶ್ನೆ: ಹೇಳಿದ್ದನ್ನೇ ಹೇಳುತ್ತಾರಾ, ಹಣದ ವ್ಯವಹಾರ ತಪ್ಪುತ್ತಿದೆಯಾ, ತಿಂಗಳು, ವರ್ಷ ಮರೆಯುತ್ತಾರಾ, ಇಷ್ಟದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯಾ, ಹೀಗೆ. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆ ಐದು ನಿಮಿಷದಲ್ಲಿ ಮುಗಿಸಬಹುದು, ಫೋನಿನಲ್ಲೂ ಕೇಳಬಹುದು. ಎರಡು ಅಥವಾ ಹೆಚ್ಚು ‘ಹೌದು’ ಬಂದರೆ ವೈದ್ಯರು ನೋಡಬೇಕು. ಅಷ್ಟಕ್ಕೇ ರೋಗ ಖಚಿತವಾಗುವುದಿಲ್ಲ. ತಪ್ಪಾಗುವುದು ಎರಡು ಕಡೆ. ಮೊದಲಿನಿಂದಲೂ ಲೆಕ್ಕ ಬಾರದವರಿಗೂ ‘ಹೌದು’ ಹಾಕಿಬಿಡುತ್ತಾರೆ. ಪ್ರಶ್ನೆ ಇರುವುದು ಈಚಿನ ವರ್ಷಗಳ ಬದಲಾವಣೆಯ ಬಗ್ಗೆ ಮಾತ್ರ. ಇನ್ನೊಂದು, ದಿನವೂ ಜತೆಗಿರುವ ಸೊಸೆಯನ್ನು ಬಿಟ್ಟು, ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಮಗನನ್ನು ಕೇಳುತ್ತಾರೆ. ಹಿರಿಯರ ಎದುರಿಗೆ ಕೇಳಿದರಂತೂ ಯಾರೂ ಬಾಯಿ ಬಿಡುವುದಿಲ್ಲ.

ಹಿರಿಯರನ್ನೇ ಪರೀಕ್ಷಿಸುವಾಗ 1975ರ ಎಂಎಂಎಸ್‌ಇ ಎಂಬ ನೆನಪು-ಬುದ್ಧಿಯ ಪರೀಕ್ಷೆಗೆ ಜೋತುಬೀಳುವುದು ಸರಿಯಲ್ಲ. ಓದು, ವಾಕ್ಯ ಬರೆ, ಪಂಚಕೋನ ಬಿಡಿಸು ಎಂದರೆ ಶಾಲೆಯ ಮುಖ ನೋಡದವರು ಅನಕ್ಷರತೆಗೇ ಅಂಕ ಕಳೆದುಕೊಳ್ಳುತ್ತಾರೆ. ಅದಕ್ಕಿಂತ ‘ರುಡಾಸ್’ ಎಂಬ ಪರೀಕ್ಷೆ ವಾಸಿ: ನಾಲ್ಕು ಸಾಮಾನಿನ ಹೆಸರು ನೆನಪಿಡುವುದು, ಒಂದು ಕೈ ಮುಷ್ಟಿ, ಇನ್ನೊಂದು ಅಂಗೈ ಎಂದು ಅದಲುಬದಲು ಮಾಡುವುದು, ರಸ್ತೆ ದಾಟುವ ಬಗೆ ಹೇಳುವುದು, ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳುವುದು. 30ಕ್ಕೆ 22 ಅಥವಾ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಇದರಲ್ಲೂ ಘನಾಕೃತಿ ಬಿಡಿಸುವ ಭಾಗವಿದೆ. ಪೆನ್ಸಿಲ್ ಹಿಡಿದೇ ಗೊತ್ತಿಲ್ಲದವರು ಅಲ್ಲಿ ಎಡವುತ್ತಾರಾದ್ದರಿಂದ ಅಂಕ ಎಲ್ಲಿ ಹೋಯಿತೆಂದೂ ಬರೆದಿಡಬೇಕು. ಪರೀಕ್ಷೆಗೆ ಮುಂಚೆ ಕಿವಿಯ ಗುಗ್ಗೆ ತೆಗೆಸಿ, ಕನ್ನಡಕ ಹಾಕಿಸಿ.

ಜ್ವರ, ಮೂತ್ರದ ಸೋಂಕು ಇರುವಾಗ ಈ ಪರೀಕ್ಷೆ ಬೇಡವೇ ಬೇಡ. ಎರಡು ದಿನದಲ್ಲಿ ಶುರುವಾಗಿ, ಬೆಳಿಗ್ಗೆ ಸರಿಯಿದ್ದು ಸಂಜೆ ಕೆಡುವ ಗೊಂದಲ ಸಾಮಾನ್ಯವಾಗಿ ಡಿಮೆನ್ಷಿಯಾ ಅಲ್ಲ, ಡೆಲಿರಿಯಂ. ಅದಕ್ಕೆ ಅಂದೇ ಚಿಕಿತ್ಸೆ ಬೇಕು.

ನುಂಗುವ ಮಾತ್ರೆಗಳ ಪಟ್ಟಿ ಕೇಳಬೇಡಿ, ಮಾತ್ರೆಯ ಚೀಲವನ್ನೇ ತರಿಸಿ. ನಿದ್ದೆ ಮಾತ್ರೆ, ಖಿನ್ನತೆಗೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೆಗಡಿಗೆಂದು ಕೊಂಡ ಕ್ಲೋರ್‌ಫೆನಿರಮಿನ್ ಎಲ್ಲವೂ ಹಿರಿಯರ ಬುದ್ಧಿಗೆ ಮಂಕು ಕವಿಸುತ್ತವೆ. (ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹಂತಹಂತವಾಗಿ ಇಳಿಸಬೇಕು.) ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಆಸಿಡಿಟಿ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದವರಲ್ಲಿ ವಿಟಮಿನ್ ಬಿ12 ಕುಸಿದಿರಬಹುದು. ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಟಿಎಸ್‌ಎಚ್ (ಥೈರಾಯ್ಡ್‌ಗೆ), ಬಿ12 ಇಷ್ಟಕ್ಕೂ ರಕ್ತವನ್ನು ಒಂದೇ ಸಲ ತೆಗೆಯಬಹುದು. ಕೊರತೆ ಸಿಕ್ಕಿತೆಂದು ಕಡತ ಮುಚ್ಚಬಾರದು, ಡಿಮೆನ್ಷಿಯಾ ಜತೆಗೇ ಇರಬಹುದು. ಚಿಕಿತ್ಸೆ ಕೊಟ್ಟು ಮೂರು ತಿಂಗಳಾದ ಮೇಲೆ ಮತ್ತೆ ನೋಡಬೇಕು. ಖಿನ್ನತೆಯೂ ಮರೆವಿನ ವೇಷದಲ್ಲೇ ಬರುತ್ತದೆ.

ಮಿದುಳಿನ ಮೇಲೆ ರಕ್ತ ಕಟ್ಟಿದ್ದು, ದೊಡ್ಡ ಗೆಡ್ಡೆ, ನೀರು ತುಂಬಿದ್ದು ಸಾಮಾನ್ಯವಾಗಿ ಸಾದಾ ಸಿಟಿ ಸ್ಕ್ಯಾನ್‌ನಲ್ಲೇ ಕಾಣುತ್ತದೆ. ಬಿದ್ದು ಕೆಲವು ವಾರಗಳಲ್ಲಿ ಮಂಕಾದವರು, ನಡಿಗೆ ತಪ್ಪಿ ಮೂತ್ರದ ಹಿಡಿತವೂ ಹೋದವರು ತಡಮಾಡದೆ ಈ ಸ್ಕ್ಯಾನ್ ಮಾಡಿಸಿಕೊಳ್ಳಬೇಕು.

ಇಷ್ಟೂ ಒಂದು ಹಾಳೆಯಲ್ಲಿ ಸೇರಿದ ಮೇಲೆ ತಜ್ಞರ ವಿಡಿಯೊ ಭೇಟಿ. ಖಾಲಿ ಕೈಯಲ್ಲಿ ಕಳಿಸಿದರೆ ತಜ್ಞರು ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಗುತ್ತದೆ, ಹಿರಿಯರು ದಣಿಯುತ್ತಾರೆ, ಇನ್ನೊಂದು ತಾರೀಖು ಬೀಳುತ್ತದೆ. ರೋಗಿಗೆ ಹೆಡ್‌ಫೋನ್ ಹಾಕಿ, ಪಕ್ಕದಲ್ಲಿ ನರ್ಸ್ ಇದ್ದು, ಹತ್ತು ಹೆಜ್ಜೆ ನಡೆಸಿ ತೋರಿಸಬೇಕು. ಇಲ್ಲದ ಜನ, ಪ್ರಾಣಿ ಕಾಣುತ್ತವೆ, ಮೈ ಬಿಗಿಯಾಗಿದೆ, ನಿದ್ದೆಯಲ್ಲಿ ಕೈಕಾಲು ಬೀಸುತ್ತಾರೆ ಎಂದಿದ್ದರೆ ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ. ಅದು ಲೂವಿ ಬಾಡಿ ಡಿಮೆನ್ಷಿಯಾ ಇರಬಹುದು. ಗಲಾಟೆ ತಗ್ಗಿಸಲೆಂದು ಅಂಥವರಿಗೆ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಜೀವಕ್ಕೇ ಅಪಾಯವಾದೀತು.

ಆರೋಗ್ಯ ಇಲಾಖೆಯಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ಪ್ರತಿ ಆರೋಗ್ಯ ಕೇಂದ್ರದಲ್ಲಿ ಒಬ್ಬ ನರ್ಸ್‌ಗೆ ಈ ಹಾಳೆಯ ಹೊಣೆ ಕೊಡಿ, ತಜ್ಞರ ಭೇಟಿಗೆ ತಿಂಗಳಲ್ಲಿ ಒಂದು ದಿನ ಗೊತ್ತುಮಾಡಿ. ಡಿಮೆನ್ಷಿಯಾಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆ ರೋಗವನ್ನು ನಿಲ್ಲಿಸುವುದಿಲ್ಲ, ನಿಜ. ಆದರೆ ಬೇಗ ಗೊತ್ತಾದರೆ ತಮ್ಮ ಹಣಕಾಸು ಯಾರು ನೋಡಬೇಕು, ತಮ್ಮನ್ನು ಎಲ್ಲಿ ಆರೈಕೆ ಮಾಡಬೇಕು ಎಂದು ಹಿರಿಯರು ತಾವೇ ಹೇಳಬಲ್ಲರು. ರೋಗದ ಹೆಸರು ತಿಳಿಸಿದ ದಿನವೇ ಮುಂದಿನ ಭೇಟಿಯ ತಾರೀಖು ಮತ್ತು ಆ ನರ್ಸ್‌ನ ಫೋನ್ ನಂಬರ್ ಬರೆದ ಚೀಟಿ ಮನೆಯವರ ಕೈ ಸೇರಬೇಕು.

ಇಂತಿ,
ಗ್ರಾಮೀಣ ಆರೋಗ್ಯ ಸೇವೆಯಲ್ಲಿರುವ ಕೆಲವು ವೈದ್ಯರು ಮತ್ತು ನರ್ಸ್‌ಗಳು